ಕಾಣೆಯಾದ ಹತ್ತು ಹೆಸರುಗಳು

ಕೊಣ್ಣೂರು ಎಂಬ ಹೆಸರಿನ ಊರು ಉತ್ತರ ಕರ್ನಾಟಕದಲ್ಲಿ ಒಂದೇ ಅಲ್ಲ. ಬೆಳಗಾವಿ ಜಿಲ್ಲೆಯ ಗೋಕಾಕ ತಾಲ್ಲೂಕಿನಲ್ಲಿ ಒಂದು ಕೊಣ್ಣೂರುಂಟು. ಗದಗ ಜಿಲ್ಲೆಯ ನರಗುಂದ ತಾಲ್ಲೂಕಿನಲ್ಲಿ, ಮಲಪ್ರಭೆಯ ದಂಡೆಯಲ್ಲಿ, ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಹೋಗುವ ಹೆದ್ದಾರಿಯ ಮೇಲೆ ಇನ್ನೊಂದುಂಟು. ನಾವು ಈ ಎರಡನೆಯ ಊರಿನವರು. ಬರಿಯ ‘ಕೊಣ್ಣೂರು’ ಎಂದಷ್ಟೇ ಬರೆದು ಕಾಗದವನ್ನು ಅಂಚೆಗೆ ಹಾಕಿದರೆ ಅದು ಯಾವ ಕೊಣ್ಣೂರನ್ನು ಸೇರೀತೆಂದು ಹೇಳಲಾಗದು. ಒಂದೇ ಹೆಸರಿನ ಊರುಗಳಿಂದಾಗುವ ಇಂಥ ಗೊಂದಲವನ್ನು ತಪ್ಪಿಸುವುದು, 1972ನೆಯ ಇಸವಿ ಆಗಸ್ಟ್ 15ರಂದು ನಮ್ಮ ಅಂಚೆ ಇಲಾಖೆ ಜಾರಿಗೆ ತಂದ ಆರು ಅಂಕೆಗಳ ಪಿನ್ ಕೋಡಿನ ಉದ್ದೇಶಗಳಲ್ಲೊಂದು. ಇನ್ನು ನಮ್ಮ ಊರಿಗಾದರೂ ಸದಾ ಇದೇ ಹೆಸರಿತ್ತೇ? ಇಲ್ಲ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಕಾಲದ, ಕ್ರಿ.ಶ. 860ರ ದಾನವೊಂದನ್ನು ಹೇಳುವ ಇಲ್ಲಿನ ಶಾಸನದಲ್ಲಿ ಊರಿನ ಹೆಸರು ‘ಕೊಳನೂರು’ ಎಂದಿದೆ. ಅಲ್ಲಿ ಒಂದು ಹೆಸರಿಗೆ ಎರಡು ಸ್ಥಳ. ಇಲ್ಲಿ ಒಂದು ಸ್ಥಳಕ್ಕೆ ಎರಡು ಹೆಸರು.

ಹೆಸರು ಬೇರೆ, ವಿಳಾಸ ಬೇರೆ, ಆ ವಿಳಾಸಕ್ಕೆ ಹೋಗುವ ದಾರಿ ಇನ್ನೂ ಬೇರೆ. ಊರುಗಳ ವಿಷಯದಲ್ಲಿ ಇದು ಎಲ್ಲರಿಗೂ ತಿಳಿದ ಮಾತು. ಆದರೆ ಕಂಪ್ಯೂಟರುಗಳ ವಿಷಯಕ್ಕೆ ಬಂದಾಗ ಇದನ್ನು ನಾವು ಮರೆತೆವು. ಮರೆತುದರ ಫಲವಾಗಿ ಒಬ್ಬ ನಿರಪರಾಧಿ ವಿದ್ಯಾರ್ಥಿಯನ್ನು ಒಂದೂವರೆ ದಿನ ಅಪರಾಧಿಯೆಂದು ಎಣಿಸಿದೆವು. ಆ ಸಂಗತಿಯನ್ನೂ ಅದರ ಹಿಂದಿರುವ ವಿಜ್ಞಾನವನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ನಡೆದ ಸಂಗತಿ

ಅದು 2014ನೆಯ ಇಸವಿಯ ಫೆಬ್ರವರಿ ತಿಂಗಳು. ಅಧ್ಯಾಪಕ ವೃತ್ತಿಗೆ ನಾವು ಆಗತಾನೆ ಸೇರಿದ್ದೆವು. ಕಾಲೇಜಿನ ಹೆಸರು ಇಲ್ಲಿ ಅನಾವಶ್ಯಕ. ಭೌತಶಾಸ್ತ್ರದ ಪಾಠದ ಜೊತೆಗೆ ಕಂಪ್ಯೂಟರ್ ಪ್ರಯೋಗಶಾಲೆಯ ಮೇಲ್ವಿಚಾರಣೆಯೂ ನಮ್ಮ ಪಾಲಿಗೆ ಬಂದಿತ್ತು. ಪ್ರಯೋಗಶಾಲೆಯೆಂದರೆ ಅಕ್ಕಪಕ್ಕದ ಎರಡು ಕೊಠಡಿಗಳು. ಮೊದಲನೆಯದರಲ್ಲಿ 12 ಯಂತ್ರಗಳೂ ಒಂದು ಸರ್ವರೂ ಇದ್ದುವು. ಎರಡನೆಯದರಲ್ಲಿ 10 ಯಂತ್ರಗಳಿದ್ದುವು. ಇದ್ದ ಒಂದೇ ಪ್ರಿಂಟರು ಎರಡನೆಯ ಕೊಠಡಿಯ ಯಂತ್ರವೊಂದಕ್ಕೆ ಜೋಡಿಸಲ್ಪಟ್ಟಿತ್ತು. ಎಲ್ಲ ಯಂತ್ರಗಳ ಕೇಬಲುಗಳೂ ಗೋಡೆಯಲ್ಲಿ ಕೊರೆದ ರಂಧ್ರದ ಮೂಲಕ ಬಂದು, ಸರ್ವರಿನ ಬಳಿಯಿದ್ದ ಒಂದೇ ಸ್ವಿಚ್ಚನ್ನು ಸೇರುತ್ತಿದ್ದುವು. ಯಾವ ಯಂತ್ರದ ಪರದೆಯಲ್ಲಿ ನೋಡಿದರೂ ಉಳಿದೆಲ್ಲ ಯಂತ್ರಗಳ ಹೆಸರುಗಳ ಪಟ್ಟಿ ಕಾಣುತ್ತಿತ್ತು. ಬೇಕಾದ ಹೆಸರನ್ನು ಒತ್ತಿದರೆ ಆ ಯಂತ್ರದಲ್ಲಿ ಹಂಚಿಕೆಗೆ ಇಟ್ಟ ಕಡತಗಳು ತೆರೆಯುತ್ತಿದ್ದುವು.

ಪ್ರಾಯೋಗಿಕ ಪರೀಕ್ಷೆಗೆ ಇನ್ನು ನಾಲ್ಕು ದಿನವಿರುವಾಗ ಜಾಲದ ಕೆಲಸ ಬಲ್ಲ ಒಬ್ಬರು ಬಂದರು. ಹತ್ತು ಉದ್ದ ಕೇಬಲುಗಳು ಗೋಡೆಯ ತೂತಿನಲ್ಲಿ ತುರುಕಿಕೊಂಡಿರುವುದನ್ನು ನೋಡಿ, ಎರಡನೆಯ ಕೊಠಡಿಗೆ ಬೇರೆ ಸ್ವಿಚ್ಚನ್ನು ತಂದಿಟ್ಟರು. ಅಲ್ಲಿನ ಹತ್ತು ಕೇಬಲುಗಳನ್ನೂ, ಯಂತ್ರಗಳು ಚಾಲೂ ಇರುವಾಗಲೇ, ಹಳೆಯ ಸ್ವಿಚ್ಚಿನಿಂದ ಕಿತ್ತು ಹೊಸದಕ್ಕೆ ಸಿಕ್ಕಿಸಿದರು. ಸರ್ವರಿನ ಬೆನ್ನಿನಲ್ಲಿ ಎರಡು ಜಾಲದ್ವಾರಗಳಿದ್ದುವು, ಅಂದರೆ ಒಳಗೆ ಎರಡು ನೆಟ್‌ವರ್ಕ್ ಕಾರ್ಡುಗಳಿದ್ದುವು. ಎರಡನೆಯದು ಅದುವರೆಗೆ ಖಾಲಿಯಾಗಿತ್ತು. ಹೊಸ ಸ್ವಿಚ್ಚಿನಿಂದ ಒಂದು ಕೇಬಲನ್ನು ತಂದು ಅದಕ್ಕೆ ಸಿಕ್ಕಿಸಿದರು. ಎರಡು ಕೊಠಡಿಗೆ ಎರಡು ದಾರಿಯಾದರೆ ದಟ್ಟಣೆ ಕಡಿಮೆಯಾಗುವುದೆಂಬುದು ಅವರ ತರ್ಕ. ತರ್ಕದಲ್ಲಿ ತಪ್ಪೇನೂ ಇರಲಿಲ್ಲ. ಕೆಲಸ ಮುಗಿದಾಗ ಬೆಳಿಗ್ಗೆ ಹತ್ತೂವರೆ. ಮೊದಲನೆಯ ಕೊಠಡಿಯ ಒಂದು ಪರದೆಯಲ್ಲಿ ಪಟ್ಟಿಯನ್ನು ತೆರೆದು ತೋರಿಸಿದರು. ಎಲ್ಲ ಹೆಸರುಗಳೂ ಇದ್ದುವು. “ಎಲ್ಲಾ ಸರಿ ಐತ್ರಿ” ಎಂದು ಹೇಳಿ ಹೊರಟುಹೋದರು.

ಹತ್ತೂಮುಕ್ಕಾಲಿಗೆ, ನದಿಯಾಚೆಯ ಹಳ್ಳಿಯಿಂದ ಬರುತ್ತಿದ್ದ ಎರಡನೆಯ ವರ್ಷದ ವಿದ್ಯಾರ್ಥಿಯೊಬ್ಬ ಅದೇ ಯಂತ್ರದ ಮುಂದೆ ಕುಳಿತ. ಹನ್ನೊಂದು ಗಂಟೆ ಕಳೆದು ಕೆಲವು ನಿಮಿಷಗಳಾಗುವಷ್ಟರಲ್ಲಿ ಎರಡನೆಯ ಕೊಠಡಿಯ ಹತ್ತು ಹೆಸರುಗಳೂ ಪರದೆಯಿಂದ ಕಾಣೆಯಾಗಿದ್ದುವು. ಪ್ರಿಂಟರು ಸಿಗಲಿಲ್ಲ, ಆಚೆಯ ಯಂತ್ರಗಳಲ್ಲಿದ್ದ ಕಡತಗಳು ಸಿಗಲಿಲ್ಲ. ಆ ಹುಡುಗ ಹೇಳಿದ್ದು ಇಷ್ಟೇ: “ಸರ್, ನಾ ಏನೂ ಮುಟ್ಟಿಲ್ರಿ. ಹೆಸರು ತಾವಾಗೇ ಒಂದೊಂದಾಗಿ ಹೋದವ್ರಿ.” ಯಾರೂ ನಂಬಲಿಲ್ಲ. ಹತ್ತೂವರೆಗೆ ಎಲ್ಲವೂ ಸರಿಯಿತ್ತು, ಹನ್ನೊಂದಕ್ಕೆ ಕೆಟ್ಟಿತು, ನಡುವೆ ಅಲ್ಲಿ ಕುಳಿತಿದ್ದವನು ಇವನೊಬ್ಬನೇ. ಯಂತ್ರದ ಹೊಂದಾಣಿಕೆಗಳನ್ನು ಇವನೇ ಕೆಡಿಸಿರಬೇಕೆಂದು ತೀರ್ಮಾನವಾಯಿತು. ಪರೀಕ್ಷೆಯ ತನಕ ಪ್ರಯೋಗಶಾಲೆಗೆ ಕಾಲಿಡಕೂಡದೆಂದು ಅವನಿಗೆ ಹೇಳಿದವರು ಬೇರೆ ಯಾರೂ ಅಲ್ಲ, ನಾವೇ.

ಹೆಸರೂ ಅಂಕೆಯೂ

ಈಗ ಯಂತ್ರಗಳು ಪರಸ್ಪರ ಗುರುತು ಹಿಡಿಯುವ ಬಗೆಯನ್ನು ನೋಡೋಣ. ನೆಟ್‌ವರ್ಕ್ ಕಾರ್ಡ್ ಎಂಬುದು ಯಂತ್ರಕ್ಕೂ ಕೇಬಲಿಗೂ ನಡುವಿನ ಬಾಗಿಲು. ಕಾರ್ಖಾನೆಯಲ್ಲಿಯೇ ಪ್ರತಿಯೊಂದು ಕಾರ್ಡಿಗೂ 48 ಬಿಟ್‌ಗಳ ಒಂದು ಗುರುತನ್ನು ಕೊಟ್ಟಿರುತ್ತಾರೆ. ಅದರ ಮೇಲೆ, ಜಾಲವನ್ನು ಕಟ್ಟುವವರು 32 ಬಿಟ್‌ಗಳ ಇನ್ನೊಂದು ವಿಳಾಸವನ್ನು ಕೊಡುತ್ತಾರೆ. ಇದೇ ಐಪಿ ವಿಳಾಸ. ಓದಲು ಸುಲಭವಾಗಲೆಂದು ಅದನ್ನು 192.168.1.10 ಎಂಬಂತೆ ನಾಲ್ಕು ಅಂಕೆಗಳಾಗಿ ಬರೆಯುವುದು ರೂಢಿ. ಪ್ರತಿಯೊಂದು ಅಂಕೆಯೂ 0ಯಿಂದ 255ರ ಒಳಗಿರುತ್ತದೆ. ಚಿಕ್ಕ ಜಾಲಗಳಲ್ಲಿ ಸಾಮಾನ್ಯವಾಗಿ ಮೊದಲ ಮೂರು ಅಂಕೆಗಳು ಓಣಿಯ ಹೆಸರಿನಂತೆ, ಕಡೆಯದು ಮನೆಯ ಸಂಖ್ಯೆಯಂತೆ. 192.168.1.10 ಮತ್ತು 192.168.1.20 ಒಂದೇ ಓಣಿಯ ಮನೆಗಳು, 192.168.2.20 ಬೇರೆ ಓಣಿಯದು.

ಇಲ್ಲಿ ಗಮನಿಸತಕ್ಕ ಮುಖ್ಯ ಸಂಗತಿಯೊಂದುಂಟು. ಐಪಿ ವಿಳಾಸವು ಯಂತ್ರದ್ದಲ್ಲ, ಕಾರ್ಡಿನದು, ಮನೆಯದ್ದಲ್ಲ, ಬಾಗಿಲಿನದು. ಎರಡು ಕಾರ್ಡುಗಳುಳ್ಳ ಸರ್ವರು ಎರಡು ಓಣಿಗಳಿಗೆ ಬಾಗಿಲು ತೆರೆದ ಮನೆಯಂತೆ. ಅದಕ್ಕೆ ಹೆಸರು ಒಂದು, ವಿಳಾಸ ಎರಡು. ಎರಡು ಓಣಿಯವರೂ ಅದರೊಳಕ್ಕೆ ಬರಬಹುದು. ಹಾಗೆಂದ ಮಾತ್ರಕ್ಕೆ ಈ ಓಣಿಯವರು ಅದರ ಒಳಗಿನಿಂದ ಹಾದು ಆ ಓಣಿಗೆ ಹೋಗಬಹುದೆಂದು ತಿಳಿಯಬಾರದು. ಎರಡು ಬಾಗಿಲಿದ್ದ ಮಾತ್ರಕ್ಕೆ ಮನೆ ದಾರಿಯಾಗುವುದಿಲ್ಲ. ಯಜಮಾನ ಒಪ್ಪಿ ಬಿಟ್ಟುಕೊಟ್ಟರೆ ಮಾತ್ರ ಆಗುತ್ತದೆ. ಸರ್ವರಿಗೂ ‘ಈ ಕಡೆಯದನ್ನು ಆ ಕಡೆಗೆ ದಾಟಿಸು’ ಎಂದು ಬೇರೆಯಾಗಿಯೇ ಆಜ್ಞೆ ಕೊಡಬೇಕು. ಕೊಡದಿದ್ದರೆ ದಾಟಿಸುವುದಿಲ್ಲ. ನಮ್ಮ ಪ್ರಯೋಗಶಾಲೆಯಲ್ಲಿ ಆ ಆಜ್ಞೆಯನ್ನು ಕೊಟ್ಟಿರಲಿಲ್ಲ.

ಪಟ್ಟಿ ಇಡುವ ಯಂತ್ರ

ಮನುಷ್ಯರಿಗೆ ಅಂಕೆಗಳಿಗಿಂತ ಹೆಸರು ಸುಲಭ. ಐಬಿಎಂ ಸಂಸ್ಥೆಯ ಸಣ್ಣ ಕಂಪ್ಯೂಟರುಗಳಿಗಾಗಿ ಸೈಟೆಕ್ ಎಂಬ ಸಂಸ್ಥೆ 1983ರಲ್ಲಿ ನೆಟ್‌ಬಯಾಸ್ ಎಂಬ ಏರ್ಪಾಟನ್ನು ರಚಿಸಿತು. ಇದರಲ್ಲಿ ಒಂದು ಯಂತ್ರದ ಹೆಸರು ಹೆಚ್ಚೆಂದರೆ 15 ಅಕ್ಷರಗಳದು. ಹದಿನಾರನೆಯ ಸ್ಥಾನದ ಸಂಕೇತವು ಆ ಯಂತ್ರ ಸಲ್ಲಿಸುವ ಸೇವೆ ಯಾವುದೆಂಬುದನ್ನು ತಿಳಿಸುತ್ತದೆ. ಇದನ್ನು ಐಪಿ ಜಾಲಗಳ ಮೇಲೆ ನಡೆಸುವ ವಿಧಾನ 1987ರಲ್ಲಿ ನಿಗದಿಯಾಯಿತು. ಈ ತಳಹದಿಯ ಮೇಲೆ ಮೈಕ್ರೋಸಾಫ್ಟ್ ಸಂಸ್ಥೆ ತನ್ನ ವಿಂಡೋಸ್‌ನಲ್ಲಿ ನೆರೆಹೊರೆಯ ಯಂತ್ರಗಳ ಪಟ್ಟಿಯನ್ನು ತೋರಿಸುವ ‘ಬ್ರೌಸರ್ ಸೇವೆ’ಯನ್ನು ಕಟ್ಟಿತು. ಇಂಟರ್ನೆಟ್ಟಿನ ಪುಟಗಳನ್ನು ತೋರಿಸುವ ಬ್ರೌಸರಿಗೂ ಇದಕ್ಕೂ ಸಂಬಂಧವಿಲ್ಲ.

ಪಟ್ಟಿಯನ್ನು ಯಾರು ಬರೆಯುತ್ತಾರೆ? ಹಿಂದೆ ನಮ್ಮ ಭಾಗದ ಹಳ್ಳಿಗಳಲ್ಲಿ ಊರಿನ ದಫ್ತರವನ್ನು ಕುಲಕರ್ಣಿ ಇಡುತ್ತಿದ್ದಂತೆ, ಪ್ರತಿಯೊಂದು ಓಣಿಯಲ್ಲಿಯೂ ಒಂದು ಯಂತ್ರ ಪಟ್ಟಿಯನ್ನು ಇಡುತ್ತದೆ. ಇದಕ್ಕೆ ‘ಮಾಸ್ಟರ್ ಬ್ರೌಸರ್’ ಎಂದು ಹೆಸರು. ಕುಲಕರ್ಣಿಕೆಯು ವಂಶದಿಂದ ಬರುತ್ತಿತ್ತು. ಇಲ್ಲಿ ಚುನಾವಣೆ ನಡೆಯುತ್ತದೆ. ಯಂತ್ರಗಳು ತಮ್ಮ ಯೋಗ್ಯತೆಯನ್ನು ಸಾರಿಕೊಳ್ಳುತ್ತವೆ. ಸರ್ವರ್ ಜಾತಿಯ ವಿಂಡೋಸ್ ಇರುವ ಯಂತ್ರವು ಸಾಮಾನ್ಯ ಯಂತ್ರಗಳನ್ನು ಸೋಲಿಸುತ್ತದೆ. ಗೆದ್ದದ್ದು ಪಟ್ಟಿ ಇಡುತ್ತದೆ. ಒಂದೆರಡು ಯಂತ್ರಗಳು ಸಹಾಯಕರಾಗಿ ಅದರ ಪ್ರತಿಯನ್ನು ಇಟ್ಟುಕೊಳ್ಳುತ್ತವೆ.

ಪಟ್ಟಿಯಲ್ಲಿ ಹೆಸರು ಸೇರುವುದು ಡಂಗುರದಿಂದ. ಯಂತ್ರ ಚಾಲೂ ಆದೊಡನೆ ‘ನಾನಿದ್ದೇನೆ’ ಎಂದು ಇಡೀ ಓಣಿಗೆ ಕೇಳುವಂತೆ ಕೂಗುತ್ತದೆ. ಮೊದಮೊದಲು ಪದೇ ಪದೇ, ಬಳಿಕ 12 ನಿಮಿಷಕ್ಕೊಮ್ಮೆ. ಯಂತ್ರವನ್ನು ಕ್ರಮವಾಗಿ ಆರಿಸಿದರೆ ‘ಹೋಗಿಬರುತ್ತೇನೆ’ ಎಂದು ಹೇಳಿಯೇ ಹೋಗುತ್ತದೆ. ಹೆಸರು ಪಟ್ಟಿಯಿಂದ ಹೊರಡುತ್ತದೆ. ಆದರೆ ಕೇಬಲನ್ನೇ ಕಿತ್ತರೆ? ಹೇಳಿಹೋಗುವ ಅವಕಾಶವೇ ಅದಕ್ಕಿಲ್ಲ. ಆಗ ಪಟ್ಟಿ ಇಡುವ ಯಂತ್ರ ಕಾಯುತ್ತದೆ. ಮೂರು ಸರದಿ ಕೂಗು ಕೇಳಿಬರದಿದ್ದರೆ ಮಾತ್ರ ಹೆಸರನ್ನು ಹೊಡೆದುಹಾಕುತ್ತದೆ. ಮೂರು ಸರದಿಯೆಂದರೆ 36 ನಿಮಿಷ. ಸಹಾಯಕರು ಹೊಸ ಪ್ರತಿಯನ್ನು ಪಡೆಯುವುದು 15 ನಿಮಿಷಕ್ಕೊಮ್ಮೆ. ನಮ್ಮ ಪರದೆ ಸಹಾಯಕನಿಂದ ಪಟ್ಟಿಯನ್ನು ಪಡೆದಿದ್ದರೆ, ಇಲ್ಲದ ಯಂತ್ರದ ಹೆಸರು 51 ನಿಮಿಷಗಳವರೆಗೂ ಅಲ್ಲಿ ಉಳಿಯಬಹುದು. ವಾಚಕರು ಈ 51 ನಿಮಿಷವನ್ನು ಮರೆಯದಿರಲಿ.

ನಾಲ್ಕು ಪ್ರಶ್ನೆಗಳು

ಮೊದಲ ದಿನ ನಾವು ಮಾಡಿದ್ದೆಲ್ಲ ಅವಿಚಾರದ ಕೆಲಸ. ಕೇಬಲನ್ನು ಬದಲಿಸಿದೆವು, ಯಂತ್ರವನ್ನು ಬದಲಿಸಿದೆವು, ಸರ್ವರನ್ನು ಆರಿಸಿ ಹೊತ್ತಿಸಿದೆವು. ಒಮ್ಮೆಗೇ ಮೂರು ಬದಲಾವಣೆ ಮಾಡಿ ಯಾವುದರಿಂದ ಏನಾಯಿತೆಂದು ತಿಳಿಯದೆ ಕುಳಿತೆವು. ತರಗತಿಯಲ್ಲಿ ‘ಒಮ್ಮೆಗೆ ಒಂದೇ ಪರಿಮಾಣವನ್ನು ಬದಲಿಸಿ, ಉಳಿದವನ್ನು ಸ್ಥಿರವಾಗಿಡಿ’ ಎಂದು ಓಮನ ನಿಯಮದ ಪ್ರಯೋಗದಲ್ಲಿ ನಾವೇ ಬೋಧಿಸುತ್ತಿದ್ದೆವು. ಮರುದಿನ ಬೆಳಿಗ್ಗೆ ಆ ಪಾಠವನ್ನು ನಮಗೇ ಹೇಳಿಕೊಂಡು, ನಾಲ್ಕು ಪ್ರಶ್ನೆಗಳನ್ನು ಕ್ರಮವಾಗಿ ಬರೆದುಕೊಂಡೆವು: ದೀಪ, ದಾರಿ, ಹೆಸರು, ಪಟ್ಟಿ.

ದೀಪ ಉರಿಯುತ್ತಿದೆಯೇ? ಪ್ರತಿಯೊಂದು ಜಾಲದ್ವಾರದ ಪಕ್ಕದಲ್ಲಿ ಸಣ್ಣ ದೀಪವಿರುತ್ತದೆ. ಅದು ಉರಿಯುತ್ತಿದ್ದರೆ ಕೇಬಲಿನ ಎರಡು ತುದಿಗಳ ನಡುವೆ ಸಂಪರ್ಕವಿದೆಯೆಂದು ಅರ್ಥ. 22 ಯಂತ್ರಗಳಲ್ಲಿಯೂ, ಸರ್ವರಿನ ಎರಡು ಬಾಗಿಲುಗಳಲ್ಲಿಯೂ ದೀಪ ಉರಿಯುತ್ತಿತ್ತು. ಅಂದರೆ ನಾವು ಬದಲಿಸಿದ ಕೇಬಲುಗಳಲ್ಲಿ ದೋಷವೇ ಇರಲಿಲ್ಲ.

ದಾರಿ ಇದೆಯೇ? ಇದಕ್ಕೆ ‘ಪಿಂಗ್’ ಎಂಬ ಆಜ್ಞೆಯುಂಟು. ಇದು ಬಾವಿಗೆ ಕಲ್ಲು ಹಾಕಿ ಸದ್ದು ಕೇಳಿದಂತೆ. ಒಂದು ಐಪಿ ವಿಳಾಸಕ್ಕೆ ಸಣ್ಣ ಸಂದೇಶವನ್ನು ಕಳುಹಿಸಿ, ಮರುದನಿ ಬಂದಿತೇ, ಬರಲು ಎಷ್ಟು ಸಮಯ ಹಿಡಿಯಿತು ಎಂದು ನೋಡುವುದು. ಮೊದಲನೆಯ ಕೊಠಡಿಯಿಂದ ಸರ್ವರಿಗೆ ಪಿಂಗ್ ಮಾಡಿದೆವು, ಉತ್ತರ ಬಂದಿತು. ಸರ್ವರಿನಿಂದ ಎರಡನೆಯ ಕೊಠಡಿಗೆ ಮಾಡಿದೆವು, ಬಂದಿತು. ಮೊದಲನೆಯ ಕೊಠಡಿಯಿಂದ ನೇರವಾಗಿ ಎರಡನೆಯ ಕೊಠಡಿಗೆ ಮಾಡಿದೆವು; ಉತ್ತರವಿಲ್ಲ! ಇದು ಮೊದಲನೆಯ ಸುಳಿವು. ‘ಐಪಿಕಾನ್ಫಿಗ್’ ಆಜ್ಞೆಯಿಂದ ಅಂಕೆಗಳನ್ನು ನೋಡಿದಾಗ ಕಾರಣವೂ ಕಂಡಿತು. ಮೊದಲನೆಯ ಕೊಠಡಿಯವೆಲ್ಲ 192.168.1ರ ಓಣಿಯವು, ಎರಡನೆಯದರವೆಲ್ಲ 192.168.2ರ ಓಣಿಯವು. ವಿಳಾಸಗಳನ್ನು ಸರ್ವರೇ ಹಂಚುವ ಏರ್ಪಾಟಿದ್ದುದರಿಂದ, ಕೇಬಲು ಬದಲಾದೊಡನೆ ಆ ಹತ್ತು ಯಂತ್ರಗಳು ಹೊಸ ಬಾಗಿಲಿನ ಅಂಕೆಗಳನ್ನು ತಾವಾಗಿಯೇ ಪಡೆದುಕೊಂಡಿದ್ದುವು.

ಹೆಸರು ತಿಳಿಯುತ್ತಿದೆಯೇ? ಅಂಕೆಯ ಬದಲು ಹೆಸರಿನಿಂದ ಪಿಂಗ್ ಮಾಡಿದೆವು. ಮೊದಲನೆಯ ಕೊಠಡಿಯಿಂದ ಸರ್ವರಿನ ಹೆಸರು ತಿಳಿಯಿತು. ಎರಡನೆಯ ಕೊಠಡಿಯ ಹೆಸರು ತಿಳಿಯಲಿಲ್ಲ. ಹೆಸರನ್ನು ಕೇಳುವ ಕೂಗೂ ಡಂಗುರವೇ. ಒಂದು ಓಣಿಯ ಡಂಗುರ ಇನ್ನೊಂದು ಓಣಿಗೆ ಕೇಳುವುದಿಲ್ಲ.

ಪಟ್ಟಿಯನ್ನು ಇಡುವವರು ಯಾರು? ಸರ್ವರಿನ ಮುಂದೆ ಕುಳಿತು ‘ಎನ್‌ಬಿಟಿಸ್ಟ್ಯಾಟ್’ ಎಂಬ ಆಜ್ಞೆಯನ್ನು ಕೊಟ್ಟೆವು. ಒಂದೊಂದು ಕಾರ್ಡಿನ ಮೇಲೆ ಆ ಯಂತ್ರ ಯಾವ ಯಾವ ಹೆಸರುಗಳನ್ನು ಧರಿಸಿದೆಯೆಂಬುದನ್ನು ಅದು ಬೇರೆಬೇರೆಯಾಗಿ ತೋರಿಸುತ್ತದೆ. ಎರಡು ಕಾರ್ಡುಗಳಿಗೆ ಎರಡು ಕೋಷ್ಟಕಗಳು ಬಂದುವು. ಪಟ್ಟಿ ಇಡುವವನಿಗೆ ಮಾತ್ರ ಸಲ್ಲುವ ವಿಶೇಷ ಹೆಸರು ಎರಡರಲ್ಲಿಯೂ ಇತ್ತು! ಸರ್ವರು ಎರಡು ಓಣಿಗಳಲ್ಲಿಯೂ ಚುನಾವಣೆ ಗೆದ್ದು ಎರಡು ಪಟ್ಟಿಗಳನ್ನು ಇಡುತ್ತಿತ್ತು. ಈ ಬಾಗಿಲಿನಲ್ಲಿ ಕೇಳಿದವರಿಗೆ ಈ ಪಟ್ಟಿ, ಆ ಬಾಗಿಲಿನಲ್ಲಿ ಕೇಳಿದವರಿಗೆ ಆ ಪಟ್ಟಿ. ಎರಡನ್ನೂ ಬರೆಯುವ ಕೈ ಒಂದೇ ಆದರೂ ಒಂದರಲ್ಲಿದ್ದುದನ್ನು ಅದು ಇನ್ನೊಂದಕ್ಕೆ ಇಳಿಸುವುದಿಲ್ಲ. ಬ್ರೌಸರ್ ಸೇವೆಯ ರಚನೆಯೇ ಹಾಗೆ: ಪ್ರತಿಯೊಂದು ಕಾರ್ಡನ್ನೂ ಅದು ಬೇರೆಯೇ ಒಂದು ಲೋಕವೆಂದು ಎಣಿಸುತ್ತದೆ.

ಹೀಗೆ, ಯಾವ ಭಾಗವೂ ಕೆಟ್ಟಿರಲಿಲ್ಲ. ಯಾರೂ ಯಾವುದನ್ನೂ ಕೆಡಿಸಿರಲಿಲ್ಲ. ಒಂದೇ ಊರಾಗಿದ್ದುದನ್ನು ಎರಡು ಊರು ಮಾಡಿದುದೇ ಎಲ್ಲಕ್ಕೂ ಮೂಲವಾಗಿತ್ತು.

ಗಡಿಯಾರದ ಸಾಕ್ಷ್ಯ

ಆದರೂ ಒಂದು ತೊಡಕು ಉಳಿಯಿತು. ಕೇಬಲು ಬದಲಿಸಿದ್ದೇ ಕಾರಣವಾದರೆ, ಹತ್ತೂವರೆಗೆ ಎಲ್ಲ ಹೆಸರುಗಳೂ ಕಂಡದ್ದೇಕೆ? ಇದಕ್ಕೆ ಉತ್ತರ ದೊರೆಯದೆ ಹುಡುಗನ ಮೇಲಿನ ಆರೋಪ ಪೂರ್ತಿಯಾಗಿ ಹೋಗುವಂತಿರಲಿಲ್ಲ. ಆದುದರಿಂದ ಒಂದು ಪ್ರಯೋಗವನ್ನು ಮಾಡಿದೆವು. ಮಧ್ಯಾಹ್ನ ಸರಿಯಾಗಿ 3 ಗಂಟೆಗೆ ಮೊದಲನೆಯ ಕೊಠಡಿಯ ಒಂದು ಯಂತ್ರದ ಕೇಬಲನ್ನು ಕಿತ್ತು, ಪಕ್ಕದ ಯಂತ್ರದ ಪರದೆಯಲ್ಲಿ ಪಟ್ಟಿಯನ್ನು ಆಗಾಗ ಹೊಸದಾಗಿ ತೆರೆದು ನೋಡುತ್ತ ಕುಳಿತೆವು. 3 ಗಂಟೆ 10 ನಿಮಿಷ: ಹೆಸರು ಇತ್ತು. 25 ನಿಮಿಷ: ಇನ್ನೂ ಇತ್ತು. ಕೇಬಲು ನಮ್ಮ ಕೈಯಲ್ಲಿದೆ, ಹೆಸರು ಪರದೆಯ ಮೇಲಿದೆ! 40 ನಿಮಿಷಕ್ಕೆ ನೋಡಿದಾಗ ಹೆಸರು ಹೋಗಿತ್ತು. ಬಳಿಕ ಇನ್ನೊಂದು ಯಂತ್ರವನ್ನು ಕ್ರಮವಾಗಿ ಆರಿಸಿದೆವು. ಅದರ ಹೆಸರು ಸರ್ವರಿನ ಪಟ್ಟಿಯಿಂದ ಬಹುಬೇಗ ಹೊರಟುಹೋಯಿತು.

ಈಗ ಎಲ್ಲವೂ ತಿಳಿಯಾಯಿತು. ಹಿಂದಿನ ದಿನ ಕೇಬಲುಗಳನ್ನು ಕಿತ್ತದ್ದು ಹತ್ತು ಗಂಟೆ ಕಳೆದ ಮೇಲೆ, ಒಂದರ ನಂತರ ಒಂದನ್ನು. ಹತ್ತೂವರೆಗೆ ಕಂಡ ಹತ್ತು ಹೆಸರುಗಳು ಆಗಲೇ ಹೊರಟುಹೋಗಿದ್ದ ಯಂತ್ರಗಳವು. ಒಂದೊಂದರ ಕಡೆಯ ಕೂಗು ಒಂದೊಂದು ನಿಮಿಷದಲ್ಲಿ ಆಗಿದ್ದುದರಿಂದ, ಒಂದೊಂದರ 36 ನಿಮಿಷವೂ ಬೇರೆಬೇರೆ ಗಳಿಗೆಯಲ್ಲಿ ತುಂಬಿತು. ಹೆಸರುಗಳು ಒಂದೊಂದಾಗಿ ಹೋದುವೆಂದು ಆ ಹುಡುಗ ಹೇಳಿದುದು ಅಕ್ಷರಶಃ ನಿಜವಾಗಿತ್ತು. ಇಡೀ ಪ್ರಕರಣದಲ್ಲಿ ಕಣ್ಣಿಟ್ಟು ನೋಡಿದವನು ಅವನೊಬ್ಬನೇ. ನಾವು ಅವನ ವೀಕ್ಷಣೆಯನ್ನೇ ಸುಳ್ಳೆಂದೆವು.

ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಹೊಸದಾಗಿ ತೋರಬಾರದು. ಸೂರ್ಯನ ಬೆಳಕು ನಮ್ಮನ್ನು ತಲುಪಲು 8 ನಿಮಿಷ 20 ಸೆಕೆಂಡು ಬೇಕು. ಲುಬ್ಧಕ ನಕ್ಷತ್ರದ ಬೆಳಕಿಗೆ ಸುಮಾರು 8.6 ವರ್ಷ ಬೇಕು. ನಾವು ನೋಡುವುದು ಈಗಿನ ಸೂರ್ಯನನ್ನಲ್ಲ, ಆಗಿನ ಸೂರ್ಯನನ್ನು. ಯಂತ್ರಗಳ ಪಟ್ಟಿಯೂ ಹಾಗೆಯೇ: ಅದು ಈಗ ಇರುವವರ ಹೆಸರನ್ನಲ್ಲ, ಸ್ವಲ್ಪ ಹೊತ್ತಿನ ಹಿಂದೆ ಇದ್ದವರ ಹೆಸರನ್ನು ಹೇಳುತ್ತದೆ. ಕಾರಣಕ್ಕೂ ಕಾರ್ಯಕ್ಕೂ ನಡುವೆ ಹೊತ್ತು ಕಳೆದಾಗ, ಕಾರ್ಯವು ಕಂಡ ಗಳಿಗೆಯಲ್ಲಿ ಹತ್ತಿರವಿದ್ದವನ ಮೇಲೆ ದೋಷ ಬೀಳುತ್ತದೆ.

ಪರಿಹಾರ

22 ಯಂತ್ರಗಳ ಜಾಲಕ್ಕೆ ಎರಡು ಓಣಿಗಳ ಅಗತ್ಯವೇ ಇರಲಿಲ್ಲ. ಸರ್ವರಿನ ಎರಡನೆಯ ಬಾಗಿಲಿನಿಂದ ಕೇಬಲನ್ನು ತೆಗೆದು, ಅದನ್ನು ಹಳೆಯ ಸ್ವಿಚ್ಚಿಗೆ ಸಿಕ್ಕಿಸಿದೆವು. ಈಗ ಸ್ವಿಚ್ಚುಗಳೆರಡೂ ಕೂಡಿ ಒಂದೇ ಓಣಿಯಾಯಿತು. ಇಂಥ ಕಡೆ ಎರಡು ಸ್ವಿಚ್ಚುಗಳ ನಡುವೆ ಒಂದೇ ಕೇಬಲು ಇರಬೇಕೆಂಬುದನ್ನು ನೆನಪಿಡತಕ್ಕದ್ದು. ಸಾಧಾರಣ ಸ್ವಿಚ್ಚುಗಳ ನಡುವೆ ಎರಡು ಕೇಬಲುಗಳನ್ನು ಹಾಕಿದರೆ ಡಂಗುರದ ಕೂಗು ಸುತ್ತುತ್ತಲೇ ಇದ್ದು ಜಾಲವೆಲ್ಲ ಉಸಿರುಕಟ್ಟಿ ನಿಲ್ಲುತ್ತದೆ. ಹತ್ತು ಯಂತ್ರಗಳೂ ಹಳೆಯ ಸಾಲಿನ ಅಂಕೆಗಳನ್ನು ಪಡೆದುವು. ಹೆಸರುಗಳು ಕೂಡಲೇ ಬರಲಿಲ್ಲ. ಈ ಬಾರಿ ನಾವು ಗಾಬರಿಯಾಗಲಿಲ್ಲ. ಕಾಲು ಗಂಟೆಯ ನಂತರ ನೋಡಿದಾಗ ಹತ್ತೂ ಹೆಸರುಗಳು ಪಟ್ಟಿಯಲ್ಲಿದ್ದುವು.

ದೊಡ್ಡ ಕಚೇರಿಗಳಲ್ಲಿ ಸರ್ವರಿಗೆ ಎರಡು ಕಾರ್ಡುಗಳು ಅನಿವಾರ್ಯವಾಗಬಹುದು: ಒಂದು ಜನರ ಕೆಲಸಕ್ಕೆ, ಇನ್ನೊಂದು ರಾತ್ರಿಯಲ್ಲಿ ಕಡತಗಳ ನಕಲು ತೆಗೆಯಲು. ಅಲ್ಲಿ ಇನ್ನೊಂದು ಬಗೆಯ ತೊಂದರೆ ಹುಟ್ಟುತ್ತದೆ. ನಮ್ಮೂರಿನ ಉದಾಹರಣೆಯಿಂದಲೇ ಅದನ್ನು ಹೇಳಬಹುದು. 2019ರ ಆಗಸ್ಟ್ ತಿಂಗಳಿನಲ್ಲಿ ಮಲಪ್ರಭೆಗೆ ಮಹಾಪೂರ ಬಂದು ಕೊಣ್ಣೂರಿನ ಬಳಿ ಹೆದ್ದಾರಿಯ ಮೇಲೆ ನೀರು ಹರಿಯಿತು, ಸಂಚಾರ ನಿಂತಿತು. ಆ ದಿನ ನರಗುಂದದ ಕಡೆಯಿಂದ ಬರುವವರಿಗೆ ‘ಕುಳಗೇರಿಯ ಕಡೆಯಿಂದ ಹೊಳೆ ದಾಟಿ ಬನ್ನಿ’ ಎಂದು ಯಾರಾದರೂ ಹೇಳಿದ್ದರೆ, ಹೇಳಿದ ದಾರಿ ಸುಳ್ಳಲ್ಲ; ಆದರೆ ಕೇಳಿದವರಿಗೆ ಅದರಿಂದ ಪ್ರಯೋಜನವಿಲ್ಲ. ಎರಡು ವಿಳಾಸಗಳುಳ್ಳ ಸರ್ವರಿನ ಹೆಸರನ್ನು ಕೇಳಿದಾಗ ಹೆಸರಿನ ದಫ್ತರ ಎರಡನ್ನೂ ಕೊಡಬಹುದು. ದೂರದ ಓಣಿಯಲ್ಲಿರುವ ಯಂತ್ರವು ತಾನು ತಲುಪಲಾಗದ ವಿಳಾಸವನ್ನು ಆರಿಸಿಕೊಂಡರೆ ಕೆಲಸ ಕೆಡುತ್ತದೆ. ಮತ್ತೊಮ್ಮೆ ಇನ್ನೊಂದನ್ನು ಆರಿಸಿಕೊಂಡರೆ ಕೆಲಸ ನಡೆಯುತ್ತದೆ. ಒಮ್ಮೆ ಆಗಿ ಒಮ್ಮೆ ಆಗದಿರುವ ಇಂಥ ದೋಷವೇ ಹುಡುಕಲು ಅತ್ಯಂತ ಕಷ್ಟವಾದುದು.

ಇದಕ್ಕೆ ಅನುಭವಿಗಳು ಹೇಳುವ ಉಪಾಯಗಳು ಸರಳವಾದುವು. ಜನರಿಗೆ ಬೇಕಿಲ್ಲದ ಕಾರ್ಡಿನ ವಿಳಾಸವು ಹೆಸರಿನ ದಫ್ತರದಲ್ಲಿ ದಾಖಲಾಗದಂತೆ ಮಾಡಬೇಕು. ಆ ಕಾರ್ಡಿನ ಮೇಲೆ ನೆಟ್‌ಬಯಾಸನ್ನು ನಿಲ್ಲಿಸಬೇಕು. ಆಗ ಸರ್ವರು ಒಂದೇ ಬಾಗಿಲಿನಲ್ಲಿ ಪಟ್ಟಿ ಇಡುತ್ತದೆ. ಹೊರಜಾಲಕ್ಕೆ ಹೋಗುವ ಹೆಬ್ಬಾಗಿಲಾದ ‘ಗೇಟ್‌ವೇ’ಯನ್ನು ಎರಡು ಕಾರ್ಡುಗಳಲ್ಲಿ ಒಂದಕ್ಕೆ ಮಾತ್ರ ಕೊಡಬೇಕು. ಹಲವು ಓಣಿಗಳ ಪಟ್ಟಿಗಳನ್ನು ಕೂಡಿಸುವ ಮುಖ್ಯ ಸರ್ವರಿಗಂತೂ ಒಂದೇ ಕಾರ್ಡಿರುವುದು ಕ್ಷೇಮ. ಏಕೆಂದರೆ ಆ ಪದವಿಯ ಹೆಸರು ಒಂದೇ ವಿಳಾಸದ ಮೇಲೆ ದಾಖಲಾಗುತ್ತದೆ. ಇನ್ನೊಂದು ಬಾಗಿಲಿನವರ ಪಾಲಿಗೆ ಅದು ಇಲ್ಲದಂತೆಯೇ.

ಇಂದಿನ ಸ್ಥಿತಿ

ನಾವು ವಿವರಿಸಿದ ಬ್ರೌಸರ್ ಸೇವೆಯ ಕಾಲ ಮುಗಿದಿದೆ. ಕಡತಗಳನ್ನು ಹಂಚಿಕೊಳ್ಳುವ ಎಸ್‌ಎಂಬಿ ಎಂಬ ಕ್ರಮದ ಮೊದಲನೆಯ ಆವೃತ್ತಿಯನ್ನು ಅದು ಆಶ್ರಯಿಸಿತ್ತು. ವಿಂಡೋಸ್‌ನಲ್ಲಿ ಆ ಆವೃತ್ತಿಗಿದ್ದ ದೋಷವೊಂದರ ಮೂಲಕವೇ 2017ರ ಮೇ ತಿಂಗಳಿನಲ್ಲಿ ‘ವಾನ್ನಾಕ್ರೈ’ ಎಂಬ ಉಪದ್ರವಕಾರಿ ಪ್ರೋಗ್ರಾಂ ಜಗತ್ತಿನಾದ್ಯಂತ ಹಬ್ಬಿತು. ಅದೇ ವರ್ಷದ ಅಕ್ಟೋಬರಿನಿಂದ ಹೊಸದಾಗಿ ಸ್ಥಾಪಿಸುವ ವಿಂಡೋಸ್ 10ರಲ್ಲಿ ಆ ಆವೃತ್ತಿಯೂ ಅದರೊಡನೆ ಪಟ್ಟಿ ಇಡುವ ಸೇವೆಯೂ ಇಲ್ಲವಾದುವು. ಈಗ ಯಂತ್ರಗಳು ನೆರೆಯವರನ್ನು ಹುಡುಕಲು ಬೇರೆ ವಿಧಾನಗಳನ್ನು ಅನುಸರಿಸುತ್ತವೆ. ಆದರೆ ಆ ಕೂಗುಗಳೂ ಸಾಮಾನ್ಯವಾಗಿ ತಮ್ಮ ತಮ್ಮ ಓಣಿಗಷ್ಟೇ ಕೇಳುತ್ತವೆ.

ಎರಡು ಬಾಗಿಲಿನ ಮನೆಗಳು ಈಗ ಸರ್ವರುಗಳಿಗೆ ಮಾತ್ರ ಸೀಮಿತವಾಗಿ ಉಳಿದಿಲ್ಲ. ಲ್ಯಾಪ್‌ಟಾಪಿನಲ್ಲಿ ಕೇಬಲಿನ ಬಾಗಿಲು ಒಂದಿದ್ದರೆ ವೈಫೈಯ ಬಾಗಿಲು ಇನ್ನೊಂದು. ಕೆಲವು ಪ್ರೋಗ್ರಾಂಗಳು ಕಣ್ಣಿಗೆ ಕಾಣದ ಮೂರನೆಯ ಬಾಗಿಲನ್ನೂ ಸೃಷ್ಟಿಸಿರುತ್ತವೆ. ವಾಚಕರು ವಿಂಡೋಸ್ ಯಂತ್ರದಲ್ಲಿ ಐಪಿಕಾನ್ಫಿಗ್ ಆಜ್ಞೆಯನ್ನು ಕೊಟ್ಟು ಎಷ್ಟು ಬಾಗಿಲುಗಳಿವೆಯೆಂದು ಎಣಿಸಿ ನೋಡಲಿ. ಯಾವುದಾದರೊಂದು ವಿಳಾಸ 169.254ರಿಂದ ಆರಂಭವಾದರೆ, ಆ ಬಾಗಿಲಿಗೆ ವಿಳಾಸ ಕೊಡುವವರು ಯಾರೂ ಸಿಗದೆ ಅದು ತಾನೇ ಒಂದನ್ನು ಇಟ್ಟುಕೊಂಡಿದೆಯೆಂದು ತಿಳಿಯಬೇಕು. ಪ್ರಿಂಟರು ಸಿಗದೆ ಹೋದ ದಿನ ಯಾರನ್ನೂ ದೂರುವ ಮುನ್ನ ಆ ನಾಲ್ಕು ಪ್ರಶ್ನೆಗಳನ್ನು ಕ್ರಮವಾಗಿ ಕೇಳಲಿ: ದೀಪ, ದಾರಿ, ಹೆಸರು, ಪಟ್ಟಿ.

ಆ ಹುಡುಗನ ಮಾತನ್ನು ಹೇಳಿ ಮುಗಿಸುತ್ತೇವೆ. ಮರುದಿನ ಅವನನ್ನು ತರಗತಿಗೆ ಕರೆಯಿಸಿ, ಎಲ್ಲರ ಎದುರಿನಲ್ಲಿ ಆರೋಪ ಮಾಡಿದ್ದ ನಾವು, ಎಲ್ಲರ ಎದುರಿನಲ್ಲಿಯೇ ತಪ್ಪು ನಮ್ಮದೆಂದು ಹೇಳಿದೆವು. ಗಡಿಯಾರದ ಪ್ರಯೋಗವನ್ನು ಅವನ ಕೈಯಿಂದಲೇ ಮತ್ತೊಮ್ಮೆ ಮಾಡಿಸಿದೆವು. ಅವನು ನಕ್ಕು, “ಹಂಗಾದ್ರ ನಾ ಸ್ವಲ್ಪ ತಡಾ ಮಾಡಿ ಬಂದಿದ್ರ ಬ್ಯಾರೆಯವರು ಸಿಗತಿದ್ರೇನ್ರಿ ಸರ್?” ಎಂದು ಕೇಳಿದ. ಹೌದೆಂದು ಒಪ್ಪಿಕೊಳ್ಳದೆ ನಮಗೆ ಗತಿಯಿರಲಿಲ್ಲ. ಪರೀಕ್ಷೆಗೆ ಅವನು ಉಳಿದವರೊಡನೆ ಕುಳಿತ. ಅಂದಿನಿಂದ ಆ ಪ್ರಯೋಗಶಾಲೆಯ ಬಾಗಿಲಿನ ಹಿಂದೆ ದಾರಕ್ಕೆ ಕಟ್ಟಿದ ಒಂದು ನೋಟುಪುಸ್ತಕ ತೂಗುತ್ತಿತ್ತು. ಯಾರು ಯಾವ ಕೇಬಲನ್ನು ಮುಟ್ಟಿದರೂ ದಿನಾಂಕ, ಗಂಟೆ, ನಿಮಿಷಗಳನ್ನು ಅದರಲ್ಲಿ ಬರೆಯಬೇಕೆಂದು ಗೊತ್ತುಮಾಡಿದೆವು. ಮೊದಲನೆಯ ಪುಟದ ಮೊದಲ ಸಾಲಿನಲ್ಲಿ ಬರೆದುದು ನಾವು ಸ್ವಿಚ್ಚುಗಳೆರಡನ್ನೂ ಕೂಡಿಸಿದ ಗಳಿಗೆಯನ್ನು.